ಇಪ್ಪತ್ತೊಂದು ಸೆಕೆಂಡು

"ಈ ಸಲ ನೀವು ಬಂದು ಹೋಗೋದು ಬೇಡ ಮೇಡಂ. ಬಂದು ಕೂತ್ಕೊಳ್ಳಿ. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೂತ್ಕೊಳ್ಳಿ."

ಸಿಸ್ಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅದಕ್ಕೂ ಮೊದಲು ಮೂರು ಸಲ ಅವರ ಕ್ಲಿನಿಕ್‌ಗೆ ಹೋಗಿದ್ದೆ. ಮೂರು ಸಲವೂ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ, "ಲೈನ್ ಸರಿ ಇದೆ ಸಿಸ್ಟರ್, ಸ್ಪೀಡ್ ಚೆನ್ನಾಗೇ ಬರ್ತಿದೆ" ಎಂದು ಹೇಳಿ ಎದ್ದು ಬಂದಿದ್ದೆ. ಮೂರು ಸಲವೂ ನಾನು ನೋಡಿದ್ದು ನಿಜ, ಹೇಳಿದ್ದೂ ನಿಜ. ಆದರೂ ಅಲ್ಲಿನ ಕೆಲಸ ಮಾತ್ರ ನಡೆಯುತ್ತಿರಲಿಲ್ಲ.

ನಾನು ಗೋಣಿಕೊಪ್ಪಲಿನಲ್ಲಿ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಓನರ್ ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು. ಮನೆಮನೆಗೆ ಟಿವಿ ತಂತಿ ಎಳೆದಿದ್ದ ಕಂಬಗಳ ಮೇಲೇ ಆಮೇಲೆ ಫೈಬರ್ ಎಳೆದರು. ತಂತಿ ಎಳೆಯಲು, ಕಂಬ ಹತ್ತಲು ನಾಲ್ಕು ಜನ ಗಂಡಸರಿದ್ದಾರೆ. ಆಫೀಸಿನಲ್ಲಿ ಕೂತು ರೂಟರ್‌ಗಳನ್ನು ನೋಡಿಕೊಳ್ಳುವುದು, ಯಾವ ಗಿರಾಕಿಗೆ ಯಾವ ವಿಳಾಸ ಹೋಗಬೇಕು, ಆ ವಿಳಾಸದಿಂದ ಹೊರಟ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕು ಎಂದು ಬರೆದಿಡುವುದು ನನ್ನ ಕೆಲಸ. ನನ್ನ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ಅಪ್ಪ ಅಲ್ಲೇ ಜೋಳ, ಶುಂಠಿ ಬೆಳೆದರು. ಡಿಪ್ಲೊಮಾ ಮುಗಿಸಿ ನಾನು ಈ ಕೆಲಸಕ್ಕೆ ಸೇರಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಕಂಬ ಹತ್ತಬೇಕೇನವ್ವ?" ಇಲ್ಲ ಎಂದ ಮೇಲೆ ನೆಮ್ಮದಿಯಾದರು.

ಸಿಸ್ಟರ್ ಇದ್ದದ್ದು ಶ್ರೀಮಂಗಲದಿಂದ ಇನ್ನೂ ಒಳಗೆ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ. ಊರಿನವರು ಸೇರಿ ಟ್ರಸ್ಟ್ ಮಾಡಿಕೊಂಡು ನಡೆಸುತ್ತಿದ್ದರು. ಡಾಕ್ಟರ್ ಬರುವುದು ವಾರಕ್ಕೆ ಎರಡು ದಿನ. ಉಳಿದ ದಿನಗಳಲ್ಲಿ ಸಿಸ್ಟರ್ ಒಬ್ಬರೇ. ಐವತ್ತರ ಆಸುಪಾಸಿನ ನರ್ಸ್. ಮನೆಮಾತು ಮಲಯಾಳಂ. ರೋಗಿಗಳ ಜೊತೆ ಕನ್ನಡ, ಕೊಡವ ತಕ್ಕ್, ತಮಿಳು ಯಾವುದು ಬೇಕೋ ಅದನ್ನು ಮಾತನಾಡುವವರು. ಅಲ್ಲಿ ಒಂದು ಇಸಿಜಿ ಯಂತ್ರವಿತ್ತು. ಎದೆನೋವೆಂದು ಯಾರಾದರೂ ಬಂದರೆ ಸಿಸ್ಟರ್ ಇಸಿಜಿ ತೆಗೆಯಬೇಕು. ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂ ಅದನ್ನು ಮೈಸೂರಿನ ಒಂದು ಆಸ್ಪತ್ರೆಗೆ ಕಳಿಸುತ್ತದೆ. ಅಲ್ಲಿ ಹೃದಯದ ಡಾಕ್ಟರ್ ನೋಡಿ ಕೆಲವೇ ನಿಮಿಷಗಳಲ್ಲಿ ಉತ್ತರ ಬರೆಯುತ್ತಾರೆ. ಮನೆಗೆ ಕಳಿಸಿ, ಅಥವಾ ಈ ಮಾತ್ರೆ ಕೊಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿಸಿ ಎಂದು. ಈ ಏರ್ಪಾಟು ಬರುವ ಮೊದಲು ಎದೆ ಹಿಡಿದುಕೊಂಡವರೆಲ್ಲ ಜೀಪ್ ಹುಡುಕಬೇಕಿತ್ತು. ಹೊಟ್ಟೆಯ ಗ್ಯಾಸೋ ಹೃದಯವೋ ಎಂದು ತಿಳಿಯುವುದಕ್ಕೇ ಅರ್ಧ ದಿನ ಹೋಗುತ್ತಿತ್ತು.

ತೊಂದರೆ ಶುರುವಾದದ್ದು ಮಳೆಗಾಲದಲ್ಲಿ. ಇಸಿಜಿ ಕಳಿಸುವ ಗುಂಡಿ ಒತ್ತಿದರೆ ಪರದೆಯ ಮೇಲೆ ಸಣ್ಣ ಚಕ್ರ ಸುತ್ತುತ್ತಾ ನಿಲ್ಲುತ್ತಿತ್ತು. ಕೆಲವು ಸಲ ತುಂಬಾ ಹೊತ್ತಾದ ಮೇಲೆ ಹೋಗುತ್ತಿತ್ತು. ಕೆಲವು ಸಲ "ಸಂಪರ್ಕ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ" ಎಂದು ಬಂದು ಎಲ್ಲ ಮೊದಲಿನಿಂದ. ಮಳೆಗಾಲದಲ್ಲಿ ಇಲ್ಲಿ ಯಾರೂ ಇಂಥದ್ದಕ್ಕೆ ಕಾರಣ ಹುಡುಕುವುದಿಲ್ಲ. ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಆನೆ ಕಂಬ ಬಾಗಿಸಿ ಹೋಗುತ್ತದೆ. ನಮ್ಮ ಹುಡುಗರು ಹೋಗಿ ಒಂದಿಷ್ಟು ದೂರ ಹೊಸ ಫೈಬರ್ ಹಾಕಿ ಬಂದರು. ನಾನು ಹೋಗಿ ರೂಟರ್ ಬದಲಾಯಿಸಿದೆ. ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ಮತ್ತೆ ದೂರು ಬಂತು. ಮತ್ತೆ ಹೋದೆ. ಮೂರನೆಯ ಸಲ ಸ್ವಲ್ಪ ಅಸಹನೆಯಿಂದಲೇ, "ಕಂಪ್ಯೂಟರ್ ಹಳೇದಾಗಿದೆ ಸಿಸ್ಟರ್, ಇಲ್ಲಾಂದ್ರೆ ನೀವು ಒತ್ತೋ ಕ್ರಮದಲ್ಲಿ ಏನಾದ್ರೂ ತಪ್ಪಾಗ್ತಿರಬೇಕು" ಎಂದುಬಿಟ್ಟೆ. ಅವರು ನನಗೆ ಕಾಫಿ ಕೊಟ್ಟು ಕಳಿಸಿದರು.

ಆ ಮಾತು ಟ್ರಸ್ಟಿನ ಕಾರ್ಯದರ್ಶಿಯ ಕಿವಿಗೂ ಬಿದ್ದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅವರು ಎಸ್ಟೇಟ್ ಮ್ಯಾನೇಜರ್ ಆಗಿ ನಿವೃತ್ತರಾದವರು, ಕಟ್ಟುನಿಟ್ಟಿನ ಮನುಷ್ಯ. "ಇಂಟರ್ನೆಟ್‌ನವರೇ ಬಂದು ಲೈನ್ ಸರಿ ಇದೆ ಅಂತ ಹೇಳಿ ಹೋಗಿದ್ದಾರೆ. ಹಾಗಾದ್ರೆ ತಪ್ಪು ಯಾರದ್ದು?" ಎಂದು ಎಲ್ಲರ ಮುಂದೆ ಸಿಸ್ಟರನ್ನು ಕೇಳಿದರಂತೆ. ಕಂಪ್ಯೂಟರ್ ಚೆನ್ನಾಗಿ ಬರುವ ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ ಎಂದೂ ಹೇಳಿದರಂತೆ.

ಮಳೆ ನಿಂತಿತು. ಬಿಸಿಲು ಬಂತು. ಕಾಫಿ ಪಿಕ್ಕಿಂಗ್ ಶುರುವಾಯಿತು. ತೊಂದರೆ ಮಾತ್ರ ಹಾಗೇ ಉಳಿಯಿತು.

ಒಂದು ದಿನ ಬೆಳಿಗ್ಗೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬ ಹೆಂಗಸನ್ನು ಜೀಪಿನಲ್ಲಿ ಕರೆತಂದ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ವಾಸವಿದ್ದ, ಎಷ್ಟೋ ವರ್ಷಗಳಿಂದ ಅಲ್ಲೇ ಕಾಫಿ ಕುಯ್ಯುತ್ತಿದ್ದ ತಮಿಳು ಹೆಂಗಸು. ಎದೆ ನೋಯುತ್ತಿರಲಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಬೆನ್ನಿನಲ್ಲಿ ಭಾರ, ಮೈಯೆಲ್ಲ ಬೆವರು. "ಗ್ಯಾಸ್ ತಾನ್ ಸಿಸ್ಟರ್, ಒಂದ್ ಮಾತ್ರೆ ಕೊಡಿ, ಹೋಗ್ತೀನಿ, ಚೀಲ ಅಲ್ಲೇ ಬಿಟ್ಟು ಬಂದಿದ್ದೀನಿ" ಎನ್ನುತ್ತಿದ್ದಳಂತೆ. ಸಿಸ್ಟರ್ ಇಸಿಜಿ ತೆಗೆದರು. ಕಳಿಸುವ ಗುಂಡಿ ಒತ್ತಿದರು. ಚಕ್ರ ಸುತ್ತಿತು. ಸಂಪರ್ಕ ಸಿಗಲಿಲ್ಲ. ಮತ್ತೆ ಒತ್ತಿದರು. ಸಂಪರ್ಕ ಸಿಗಲಿಲ್ಲ. ಕಾಗದದ ಮೇಲಿನ ಗೆರೆಗಳನ್ನು ನೋಡುತ್ತಾ ನಿಂತರು. ಅವರು ಡಾಕ್ಟರಲ್ಲ. ಉತ್ತರ ಬರದೆ ರೋಗಿಯನ್ನು ಹೊರಡಿಸುವ ಅಧಿಕಾರ ಅವರಿಗಿರಲಿಲ್ಲ. ಆದರೆ ಸಾವಿರಾರು ಇಸಿಜಿ ನೋಡಿದ ಕಣ್ಣು. ರೈಟರನ್ನು ಕರೆದು, "ಜೀಪ್ ಆಫ್ ಮಾಡ್ಬೇಡಿ. ನಾನೂ ಬರ್ತೇನೆ" ಎಂದರು. ಕ್ಲಿನಿಕ್‌ಗೆ ಬೀಗ ಹಾಕಿ ತಾವೇ ಆಕೆಯ ಪಕ್ಕದಲ್ಲಿ ಕೂತು ಗೋಣಿಕೊಪ್ಪಲಿನ ಆಸ್ಪತ್ರೆಗೆ ಕರೆದೊಯ್ದರು.

ಹೃದಯಾಘಾತವೇ ಆಗಿತ್ತು. ಸರಿಯಾದ ಸಮಯಕ್ಕೆ ತಂದಿರಿ ಎಂದು ಅಲ್ಲಿನ ಡಾಕ್ಟರ್ ಹೇಳಿದರಂತೆ. ಆಕೆ ಬದುಕಿದಳು.

ಅದಾದ ಮಾರನೆಯ ದಿನವೇ ಸಿಸ್ಟರ್ ನನಗೆ ಫೋನ್ ಮಾಡಿದ್ದು. ಆ ಹೆಂಗಸಿನ ವಿಷಯವನ್ನು ನಾಲ್ಕೇ ಮಾತಿನಲ್ಲಿ ಹೇಳಿ, ಬಂದು ಕೂತ್ಕೊಳ್ಳಿ ಎಂದರು. ಮುಂದಿನ ಸಲ ಸಿಸ್ಟರಿನ ಕಣ್ಣಿಗೆ ಆ ಗೆರೆಗಳು ಹಾಗೆ ಕಾಣದಿದ್ದರೆ ಎಂಬ ಯೋಚನೆ ಬಿಡಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ನಾನು ತಲುಪಿದಾಗ ಸಿಸ್ಟರ್ ಬಾಗಿಲ ಮುಂದೆ ಗುಡಿಸುತ್ತಿದ್ದರು. ಒಂದು ಸ್ಟೂಲ್ ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟು, "ಇಲ್ಲಿ ಕೂತ್ಕೊಳ್ಳಿ. ಎಂತ ಮುಟ್ಟಬೇಡಿ. ನಾನು ಮಾಡೋದನ್ನ ಸುಮ್ಮನೆ ನೋಡಿ" ಎಂದರು.

ಮೂರು ಸಲ ಬಂದಾಗಲೂ ನಾನು ಮಾಡದೇ ಇದ್ದದ್ದು ಅದೊಂದೇ. ಬಂದ ಕೂಡಲೇ ಕುರ್ಚಿ ಎಳೆದುಕೊಂಡು ಕೂತು, ನನ್ನ ಪರೀಕ್ಷೆಗಳನ್ನು ನಾನು ಮಾಡಿ, ನನ್ನ ಉತ್ತರ ನಾನು ಪಡೆದು ಎದ್ದು ಹೋಗುತ್ತಿದ್ದೆ. ಸಿಸ್ಟರ್ ಹೇಗೆ ಕೆಲಸ ಮಾಡುತ್ತಾರೆ ಎಂದು ಒಂದು ಸಲವೂ ನೋಡಿರಲಿಲ್ಲ.

ಮೊದಲ ಇಸಿಜಿ ಒಬ್ಬ ವಯಸ್ಸಾದ ಕೃಷಿಕರದ್ದು. ಸಿಸ್ಟರ್ ತಪ್ಪೇನೂ ಮಾಡಲಿಲ್ಲ. ಪ್ರತಿ ಹೆಜ್ಜೆಯೂ ಬರೆದಿಟ್ಟಂತೆ ಸರಿಯಾಗಿತ್ತು. ಕಳಿಸುವ ಗುಂಡಿ ಒತ್ತಿದ ಕ್ಷಣ ಅವರು ಸಮವಸ್ತ್ರಕ್ಕೆ ಚುಚ್ಚಿಕೊಂಡಿದ್ದ, ನಾಡಿ ಎಣಿಸುವ ಗಡಿಯಾರದ ಕಡೆ ನೋಡಿದರು. ಚಕ್ರ ಸುತ್ತಿತು. ಪ್ರೋಗ್ರಾಮಿನ ಮುಂದಿನ ಪುಟ ಬಂದಾಗ ಒಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಏನೋ ಬರೆದರು. ಮತ್ತೆ ಒತ್ತಿದರು, ಮತ್ತೆ ಗಡಿಯಾರ, ಮತ್ತೆ ಬರೆದರು.

"ಅದೇನು ಸಿಸ್ಟರ್?" ಎಂದು ಕೇಳಿದೆ.

ಹಾಳೆಯನ್ನು ನನ್ನ ಮುಂದಿಟ್ಟರು. ಒಂದು ಹಾಳೆಯಲ್ಲ, ನಾಲ್ಕೈದು ತಿಂಗಳುಗಳ ಹಾಳೆಗಳಿದ್ದವು. ತಾರೀಖು, ಹೊತ್ತು, ಹೊರಗೆ ಮಳೆಯೋ ಬಿಸಿಲೋ, ಎಷ್ಟು ಸೆಕೆಂಡು ಕಾದದ್ದು. ಅಂದವಾದ ಅಕ್ಷರ. ಲಾಗಿನ್ ಆಗಲು ಇಪ್ಪತ್ತೊಂದು. ರೋಗಿಯ ವಿವರ ಹೋಗಲು ಇಪ್ಪತ್ತೊಂದು. ಇಸಿಜಿ ಹೋಗಲು ಇಪ್ಪತ್ತೊಂದು, ಜೊತೆಗೆ ಇನ್ನೆರಡೋ ಮೂರೋ. ಉತ್ತರ ಬಂದಿದೆಯೇ ಎಂದು ಪ್ರೋಗ್ರಾಂ ಕೇಳುವ ಪ್ರತಿ ಸಲವೂ ಇಪ್ಪತ್ತೊಂದು. ಹಾಳೆಯ ತುಂಬಾ ಅದೇ ಸಂಖ್ಯೆ.

"ಜೋರು ಮಳೆಯಲ್ಲೂ ಇಪ್ಪತ್ತೊಂದು, ಬಿಸಿಲಲ್ಲೂ ಇಪ್ಪತ್ತೊಂದು" ಎಂದರು ಸಿಸ್ಟರ್. "ತಂತಿ ಹಾಳಾಗಿದ್ರೆ ಒಂದಿನ ಹತ್ತು, ಒಂದಿನ ಐವತ್ತು ಆಗ್ಬೇಕಲ್ಲಾ? ನಂಗೆ ಕಂಪ್ಯೂಟರ್ ಗೊತ್ತಿಲ್ಲ. ಆದ್ರೆ ನಾಡಿ ಇಷ್ಟು ಸಮ ಇದ್ರೆ ಅದಕ್ಕೊಂದು ಕಾರಣ ಇರ್ತದೆ."

ಇಪ್ಪತ್ತೊಂದು ನನಗೆ ಗೊತ್ತಿದ್ದ ಸಂಖ್ಯೆ. ಆ ಕಂಪ್ಯೂಟರಿನಂಥದ್ದು ಇನ್ನೊಂದು ಯಂತ್ರವನ್ನು ಮಾತಿಗೆ ಕರೆಯುವಾಗ ಮೊದಲು ಒಂದು ಕರೆ ಕಳಿಸುತ್ತದೆ. ಉತ್ತರ ಬರದಿದ್ದರೆ ಮೂರು ಸೆಕೆಂಡು ಕಾದು ಮತ್ತೆ ಕರೆಯುತ್ತದೆ. ಆಗಲೂ ಬರದಿದ್ದರೆ ಆರು ಸೆಕೆಂಡು ಕಾದು ಇನ್ನೊಮ್ಮೆ. ಕೊನೆಗೆ ಹನ್ನೆರಡು ಸೆಕೆಂಡು ಕಾದು, ಅಲ್ಲಿ ಯಾರೂ ಇಲ್ಲವೆಂದು ಕೈಬಿಡುತ್ತದೆ. ಅದನ್ನು ಸಿಸ್ಟರಿಗೂ ಹೇಳಿದೆ.

"ಮೂರು, ಆರು, ಹನ್ನೆರಡು" ಎಂದು ಸಿಸ್ಟರ್ ಬೆರಳಲ್ಲಿ ಕೂಡಿ ನೋಡಿದರು. "ಸರಿ. ಇಪ್ಪತ್ತೊಂದು. ಆದ್ರೆ ಯಾರನ್ನ ಕರೀತಾ ಇದೆ? ಮೈಸೂರಿನವರು ಅಲ್ಲೇ ಇದ್ದಾರಲ್ಲ. ಆಮೇಲೆ ಉತ್ತರ ಬರ್ತದಲ್ಲ."

ಅದೇ ಪ್ರಶ್ನೆ. ನಾನು ಈಗ ಕುರ್ಚಿಗೆ ಕೂರಲು ಅಪ್ಪಣೆ ಕೇಳಿದೆ. ಕಂಪ್ಯೂಟರ್ ಯಾವ ಕ್ಷಣದಲ್ಲಿ ಯಾರ ಜೊತೆ ಮಾತಿಗೆ ನಿಂತಿದೆ ಎಂದು ತೋರಿಸುವ ಕಪ್ಪು ಪರದೆಯೊಂದನ್ನು ತೆರೆದು, ಸಿಸ್ಟರಿಗೆ ಗುಂಡಿ ಒತ್ತಲು ಹೇಳಿದೆ. ಪರದೆಯ ಮೇಲೆ ಒಂದು ಉದ್ದನೆಯ ವಿಳಾಸ ಬಂತು. ಅದರ ಮುಂದೆ, ಕರೆ ಕಳಿಸಿದೆ, ಉತ್ತರವಿಲ್ಲ ಎಂಬ ಸೂಚನೆ. ಇಪ್ಪತ್ತೊಂದು ಸೆಕೆಂಡು ಅದು ಹಾಗೇ ನಿಂತಿತ್ತು. ಆಮೇಲೆ ಮಾಯವಾಗಿ, ಅದರ ಜಾಗದಲ್ಲಿ ಗಿಡ್ಡನೆಯ ಇನ್ನೊಂದು ವಿಳಾಸ ಬಂತು. ಬಂದ ಕ್ಷಣವೇ ಸಂಪರ್ಕ ಸಿಕ್ಕಿತು.

ನನಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದು ಸಂತೋಷಪಡುವಂಥದ್ದಾಗಿರಲಿಲ್ಲ.

ಸಿಸ್ಟರಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಇಂಟರ್ನೆಟ್‌ನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಹಳೆಯ ಮಾದರಿಯ ವಿಳಾಸಗಳು ಗಿಡ್ಡ. ಜಗತ್ತಿಗೆಲ್ಲ ಅವು ಸಾಲದೆ ಹೋದದ್ದರಿಂದ ಹೊಸ ಮಾದರಿಯ ಉದ್ದನೆಯ ವಿಳಾಸಗಳು ಬಂದವು. ಹಳೆಯದನ್ನು ವಿ ಫೋರ್, ಹೊಸದನ್ನು ವಿ ಸಿಕ್ಸ್ ಎನ್ನುತ್ತೇವೆ. ಈಗ ಎರಡೂ ಒಟ್ಟಿಗೆ ನಡೆಯುತ್ತಿವೆ. ಕ್ಲಿನಿಕ್‌ನ ಕಂಪ್ಯೂಟರಿಗೆ ಎರಡೂ ಇದ್ದವು, ಮೈಸೂರಿನ ಆಸ್ಪತ್ರೆಯ ಯಂತ್ರಕ್ಕೂ ಎರಡೂ ಇದ್ದವು. ನಾವು ಕೊಡುವುದು ಹೆಸರು ಮಾತ್ರ. ಆ ಹೆಸರಿಗೆ ಯಾವ ಯಾವ ವಿಳಾಸಗಳಿವೆ ಎಂದು ಕಂಪ್ಯೂಟರ್ ತಾನೇ ವಿಚಾರಿಸಿ, ತನ್ನ ಬಳಿ ಇರುವ ವಿಳಾಸಗಳ ಜೊತೆ ಹೊಂದಿಸಿ ನೋಡಿ, ಯಾವುದನ್ನು ಮೊದಲು ಪ್ರಯತ್ನಿಸಬೇಕು ಎಂದು ಒಂದು ನಿಯಮದ ಪ್ರಕಾರ ಸಾಲು ಹಚ್ಚುತ್ತದೆ. ಎರಡೂ ಕಡೆ ಹೊಸದಿದ್ದರೆ ಸಾಮಾನ್ಯವಾಗಿ ಹೊಸದಕ್ಕೇ ಮೊದಲ ಸ್ಥಾನ. ಆ ದಾರಿ ಮುಂದೆ ಎಲ್ಲೋ ಕಡಿದುಹೋಗಿದ್ದರೆ ಅದಕ್ಕೆ ಮೊದಲೇ ತಿಳಿಯುವುದಿಲ್ಲ. ಕರೆದು, ಕಾದು, ಸೋತ ಮೇಲೆಯೇ ತಿಳಿಯುವುದು.

ಪರೀಕ್ಷೆ ಮಾಡುವಾಗ ನಾನು ಕೈ ಅಭ್ಯಾಸದಂತೆ ಮೈಸೂರಿನ ಯಂತ್ರದ ಹಳೆಯ ಗಿಡ್ಡ ವಿಳಾಸವನ್ನೇ ನೇರವಾಗಿ ಟೈಪ್ ಮಾಡುತ್ತಿದ್ದೆ. ಅದು ಪ್ರತಿ ಸಲವೂ ಉತ್ತರ ಕೊಡುತ್ತಿತ್ತು. ನಾನು ಆರಿಸಿದ ದಾರಿ ಸರಿಯಿತ್ತು. ಕಂಪ್ಯೂಟರ್ ಆರಿಸುತ್ತಿದ್ದ ದಾರಿಯನ್ನು ನಾನು ನೋಡಿಯೇ ಇರಲಿಲ್ಲ.

"ಹಾಗಾದ್ರೆ ನನ್ನ ಫೋನಲ್ಲಿ ಎಲ್ಲಾ ಬೇಗ ಬರ್ತದಲ್ಲ? ಇದೇ ವೈಫೈ" ಎಂದು ಸಿಸ್ಟರ್ ಕೇಳಿದರು.

"ಫೋನಲ್ಲಿರೋವು ಹೊಸ ಆ್ಯಪ್‌ಗಳು ಸಿಸ್ಟರ್. ಅವು ಒಂದನ್ನ ಕರೆದು ಪೂರ್ತಿ ಕಾಯೋದಿಲ್ಲ. ಸ್ವಲ್ಪ ನೋಡಿ ಕೂಡ್ಲೇ ಇನ್ನೊಂದನ್ನೂ ಕರೀತವೆ, ಯಾವುದು ಮೊದಲು ಓಗೊಡುತ್ತೋ ಅದನ್ನ ಹಿಡಿದುಕೊಳ್ತವೆ. ನಿಮ್ಮ ಇಸಿಜಿ ಪ್ರೋಗ್ರಾಂ ಹಳೇದು. ಒಂದೊಂದಾಗಿ ಮಾತ್ರ ಕರೀತದೆ. ಒಟ್ಟು ಹೊತ್ತು ಮಿತಿ ಮೀರಿದ್ರೆ ಪೂರ್ತಿ ಬಿಟ್ಟುಬಿಡ್ತದೆ."

ನಮ್ಮ ಬೇರೆ ಯಾವ ಗಿರಾಕಿಯೂ ದೂರು ಹೇಳದಿದ್ದದ್ದು ಇದಕ್ಕೇ. ಊರೆಲ್ಲ ಆ ಕಡಿದ ದಾರಿಯ ಮೇಲೇ ಇತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುವ ಹಾಗಿದ್ದದ್ದು ಈ ಒಂದು ಮೇಜಿನ ಮೇಲೆ ಮಾತ್ರ.

ಅಷ್ಟರಲ್ಲಿ ಹೊರಗೆ ಐದಾರು ಜನ ಬಂದು ಬೆಂಚಿನ ಮೇಲೆ ಕೂತಿದ್ದರು. ಮೊದಲು ಅವರ ಕೆಲಸ ಆಗಲಿ ಎಂದುಕೊಂಡೆ. ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ ಹೊಸ ಮಾದರಿಯ ವಿಳಾಸದ ಮುಂದಿದ್ದ ಟಿಕ್ ಗುರುತನ್ನು ತೆಗೆದೆ. ಹೊಸ ವಿಳಾಸವೇ ಇಲ್ಲವೆಂದ ಮೇಲೆ ಕಂಪ್ಯೂಟರಿಗೆ ಆರಿಸಲು ಉಳಿದದ್ದು ಹಳೆಯದೊಂದೇ.

ಸಿಸ್ಟರ್ ಮುಂದಿನ ಇಸಿಜಿ ತೆಗೆದು ಗುಂಡಿ ಒತ್ತಿ ಗಡಿಯಾರದ ಕಡೆ ತಿರುಗಿದರು. ಅವರು ಮುಳ್ಳನ್ನು ಹುಡುಕುವಷ್ಟರಲ್ಲಿ ಪುಟ ಬಂದಿತ್ತು. ಇನ್ನೊಂದು ಪುಟ. ಇನ್ನೊಂದು. 'ಕಳಿಸಲಾಗಿದೆ.' ಅವರು ಬಾಯಿ ತೆರೆದು ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಅಯ್ಯೋ ದೇವರೇ" ಎಂದು ನಗತೊಡಗಿದರು. ಮಂಚದ ಮೇಲೆ ಮಲಗಿದ್ದ ರೋಗಿ ಗಾಬರಿಯಾಗಿ, "ಎಂತ ಸಿಸ್ಟರ್, ನಂಗೆ ಎಂತ ಆಗಿದೆ?" ಎಂದು ತಲೆ ಎತ್ತಿದ. "ನಿಮಗೆ ಎಂತ ಆಗ್ಲಿಲ್ಲ, ಮಲಗಿ ಮಲಗಿ" ಎಂದು ಸಿಸ್ಟರ್ ಅವನ ಭುಜ ತಟ್ಟಿದರು.

ನಾನು ಆ ಹೊತ್ತಿಗೆ ಬ್ಯಾಗ್ ಎತ್ತಿಕೊಂಡು ಹೊರಡಬಹುದಿತ್ತು. ಸಿಸ್ಟರ್ ನನಗೆ ಕೈ ಮುಗಿಯುತ್ತಿದ್ದರು. ಕಾರಣ ಏನೆಂದು ಯಾರೂ ಕೇಳುತ್ತಿರಲಿಲ್ಲ. ಆದರೆ ದಾರಿ ಕಡಿದದ್ದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಕಂಪನಿಯಲ್ಲಿ ಹೊಸ ಮಾದರಿಯ ವಿಳಾಸಗಳನ್ನು ತಂದವಳು ನಾನೇ. ಓನರಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. "ಈಗ ಇರೋದು ನಡೀತಾ ಇದೆಯಲ್ಲಮ್ಮ, ಎಂತಕ್ಕೆ ಕೆದಕೋದು?" ಎಂದಿದ್ದರು. ನಾನು ಹಟ ಹಿಡಿದು, ಓದಿ, ಕಲಿತು, ಬೇಸಿಗೆಯಲ್ಲಿ ಅದನ್ನು ಎಲ್ಲ ಗಿರಾಕಿಗಳಿಗೂ ತಲುಪಿಸಿದೆ. ಅದು ಕೆಲಸ ಮಾಡಿದ ದಿನ ಆಫೀಸಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದ್ದೆ. ಮಳೆ ಶುರುವಾಗುವ ಮುಂಚೆ ನಾವು, ನಮಗೇ ಇಂಟರ್ನೆಟ್ ಕೊಡುವ ಮೇಲಿನ ಸಂಪರ್ಕವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿದೆವು. ಅವತ್ತು ಹಳೆಯ ವಿಳಾಸಗಳ ದಾರಿಯನ್ನೆಲ್ಲ ಹೊಸ ಸಂಪರ್ಕಕ್ಕೆ ತಿರುಗಿಸಿ ಬರೆದೆ. ಹೊಸ ವಿಳಾಸಗಳ ದಾರಿಯನ್ನು ನಾಳೆ ಬರೆದರಾಯಿತು ಎಂದು ಬಿಟ್ಟೆ. ಮಾರನೆಯ ದಿನ ಎಲ್ಲೋ ಮರ ಬಿತ್ತು, ಇನ್ನೆಲ್ಲೋ ಕಂಬ ಬಿತ್ತು. ನಾಳೆ ಎಂಬುದು ಬರಲೇ ಇಲ್ಲ. ಎಲ್ಲರ ಮನೆಗೂ ಹೊಸ ವಿಳಾಸ ಮಾತ್ರ ಹೋಗುತ್ತಲೇ ಇತ್ತು.

ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ಸಿಸ್ಟರ್ ಬುತ್ತಿ ಬಿಚ್ಚಿ ನನಗೂ ಬಡಿಸಿದರು.

"ಸಿಸ್ಟರ್, ತಪ್ಪು ನಂದು" ಎಂದೆ. ಎಲ್ಲ ಹೇಳಿದೆ. ಮೂರನೆಯ ಸಲ ಬಂದಾಗ ಆಡಿದ ಮಾತಿನ ವಿಷಯವನ್ನೂ ಹೇಳಿದೆ.

ಅವರು ಊಟ ನಿಲ್ಲಿಸಿ ಕೇಳಿಸಿಕೊಂಡರು. ಎದ್ದು ಕೈ ತೊಳೆದು ಬಂದರು. ಹೊರಗೆ ಬಿಪಿ ನೋಡಿಸಿಕೊಳ್ಳಲು ಬಂದಿದ್ದ ಒಬ್ಬ ಹೆಂಗಸನ್ನು ಕರೆದು, ಬಿಪಿ ನೋಡಿ, ಮಾತ್ರೆ ಕೊಟ್ಟು ಕಳಿಸಿದರು. ನಾನು ತಟ್ಟೆಯ ಮುಂದೆ ಹಾಗೇ ಕೂತಿದ್ದೆ. ಆಮೇಲೆ ಬಂದು ಎದುರಿಗೆ ಕೂತು ಹೇಳಿದರು:

"ನಂಗೆ ಸಿಟ್ಟು ಬಂದಿದೆ. ಇಲ್ಲ ಅಂದ್ರೆ ಸುಳ್ಳಾಗ್ತದೆ. ಕಂಪ್ಯೂಟರ್ ಬರೋದಿಲ್ಲ ಅಂತ ನಾಲ್ಕು ಜನರ ಮುಂದೆ ಹೇಳಿಸ್ಕೊಂಡೆ ನಾನು. ಮನೆಗೆ ಹೋಗಿ ಅತ್ತಿದ್ದೇನೆ." ತಟ್ಟೆಯನ್ನು ನನ್ನ ಕಡೆ ಸರಿಸುತ್ತಾ, "ನಂಗೆ ಹೇಳಿದ್ರಲ್ಲ, ಹಾಗೇ ಕಾರ್ಯದರ್ಶಿಯವರಿಗೂ ಹೇಳಿ. ನನ್ನ ಬಾಯಿಂದ ಅಲ್ಲ, ನಿಮ್ಮ ಬಾಯಿಂದ ಕೇಳ್ಬೇಕು ಅವರು. ಅಷ್ಟು ಸಾಕು. ಈಗ ಊಟ ಮಾಡಿ, ತಣ್ಣಗಾಗ್ತದೆ."

ಆಫೀಸಿಗೆ ಹಿಂತಿರುಗಿ ಓನರಿಗೆ ವಿಷಯ ತಿಳಿಸಿದೆ. ಅವರು ಮೀಸೆಯ ತುದಿ ತಿರುವುತ್ತಾ ಕೇಳಿದರು.

"ಈಗ ಸರಿಯಾಯ್ತಲ್ಲ? ಮತ್ತೆ ಎಂತಕ್ಕೆ ಹೇಳ್ಕೊಂಡು ತಿರುಗೋದು? ನಮ್ಮ ಹೆಸರು ಹಾಳಾಗ್ತದೆ ಅಷ್ಟೆ."

"ಸಿಸ್ಟರ್ ಹೆಸರು ಹಾಳಾಗಿದೆ ಅಣ್ಣಾ" ಎಂದೆ. "ಆ ಪಿಕ್ಕಿಂಗ್ ಹೆಂಗಸನ್ನ ಸಿಸ್ಟರ್ ಜೀಪಲ್ಲಿ ಕೂರಿಸ್ಕೊಂಡು ಬರದೇ ಇದ್ದಿದ್ರೆ?"

ಆ ಹೆಂಗಸಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಎದ್ದು ಹೊರಗೆ ಹೋದರು. ಕೆಲಸ ಹೋಯಿತೆಂದೇ ನಾನು ಅಂದುಕೊಂಡೆ. ಕೂತು, ಅವತ್ತೇ ಬರೆಯಬೇಕಾಗಿದ್ದ ದಾರಿಯನ್ನು ಬರೆದು ಮುಗಿಸಿದೆ. ಈ ಸಲ ಹೆಸರು ಕೊಟ್ಟು, ಯಂತ್ರವೇ ಏನನ್ನು ಆರಿಸುತ್ತದೆ ಎಂದು ನೋಡಿ ಪರೀಕ್ಷಿಸಿದೆ. ಉದ್ದನೆಯ ವಿಳಾಸ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು.

ಮಾರನೆಯ ದಿನ ಬೆಳಿಗ್ಗೆ ಓನರ್ ಜೀಪ್ ತಂದು ಆಫೀಸಿನ ಮುಂದೆ ನಿಲ್ಲಿಸಿ, "ಹತ್ತಮ್ಮ" ಎಂದರು. ಕ್ಲಿನಿಕ್‌ಗೆ ಹೋದಾಗ ಕಾರ್ಯದರ್ಶಿ ಅಲ್ಲೇ ಇದ್ದರು. ಓನರೇ ಬರಹೇಳಿದ್ದರು. ನಾನು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಓನರ್ ಶುರು ಮಾಡಿದರು.

"ನಿಮ್ಮ ಸಿಸ್ಟರದ್ದು ಎಂತದೂ ತಪ್ಪಿರಲಿಲ್ಲ. ನಮ್ಮ ಕಡೆ ಕೆಲಸ ಅರ್ಧ ಆಗಿ ನಿಂತಿತ್ತು. ಅದನ್ನ ಹಿಡಿದುಕೊಟ್ಟದ್ದೂ ಸಿಸ್ಟರೇ. ಇವಳು ವಿವರ ಹೇಳ್ತಾಳೆ, ಕೇಳಿ."

ನಾನು ವಿವರ ಹೇಳಿದೆ. ಕ್ಯಾಲೆಂಡರ್ ಹಾಳೆಗಳನ್ನು ತೋರಿಸಿದೆ. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆಯನ್ನು ತಿರುಗಿಸಿ ನೋಡಿದರು. ಕಟ್ಟುನಿಟ್ಟಿನ ಮನುಷ್ಯನಿಗೆ ಅಷ್ಟು ಅಚ್ಚುಕಟ್ಟಾದ ಬರಹ ಕಂಡರೆ ಏನಾಗುತ್ತದೋ ಅದೇ ಆಯಿತು. ಅವರು ಎದ್ದು ನಿಂತರು. "ಸಿಸ್ಟರ್, ನಾನು ಅವತ್ತು ಹಾಗೆ ಮಾತಾಡಬಾರದಿತ್ತು" ಎಂದರು. ಸಿಸ್ಟರ್ ತಲೆ ತಗ್ಗಿಸಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ಆಗಲಿ ಸಾರ್" ಎಂದರು. ನನಗೆ ಅದು ತುಂಬಾ ಇಷ್ಟವಾಯಿತು.

ಹಿಂದಿನ ದಿನ ನಾನು ತೆಗೆದಿದ್ದ ಟಿಕ್ ಗುರುತನ್ನು ಮತ್ತೆ ಹಾಕಿಸಿದೆ. ಸಿಸ್ಟರಿಗೆ ಅನುಮಾನ. "ಸರಿಯಾಗಿದ್ದನ್ನ ಮತ್ತೆ ಎಂತಕ್ಕೆ ಮುಟ್ಟೋದು?" ಎಂದರು.

"ಹೊಸ ದಾರಿ ಈಗ ಸರಿಯಾಗಿದೆ ಸಿಸ್ಟರ್. ಮುಂದೆ ಎಲ್ಲಾ ಅದೇ ದಾರೀಲಿ ಬರುತ್ತೆ. ಅದನ್ನ ಮುಚ್ಚಿಟ್ಟರೆ ಇನ್ನೊಂದು ದಿನ ಇನ್ನೊಂದು ತೊಂದರೆ."

"ಹಾಗಾದ್ರೆ ನಾನೇ ಹಾಕ್ತೇನೆ" ಎಂದು ಮೌಸ್ ತೆಗೆದುಕೊಂಡರು. ಅಲ್ಲಿಗೂ ನಿಲ್ಲಲಿಲ್ಲ. ಆ ಕಪ್ಪು ಪರದೆ ತೆರೆಯುವುದು ಹೇಗೆ, ಉದ್ದನೆಯ ವಿಳಾಸ ಯಾವುದು, ಗಿಡ್ಡನೆಯದು ಯಾವುದು, ಉತ್ತರವಿಲ್ಲ ಎಂದರೆ ಹೇಗೆ ಕಾಣುತ್ತದೆ ಎಂದು ಎಲ್ಲವನ್ನೂ ಕೇಳಿ ಬರೆದುಕೊಂಡರು. ಅದಾದ ಮೇಲೆ ಅವರು ನನಗೆ ಫೋನ್ ಮಾಡಿದರೆ, "ನೆಟ್ ಇಲ್ಲ" ಎನ್ನುವುದಿಲ್ಲ. "ಮೇಡಂ, ಇವತ್ತು ಅದು ಗಿಡ್ಡದ್ದನ್ನ ಆರಿಸ್ತಾ ಇದೆ, ಉದ್ದದ್ದು ಎಲ್ಲಿ ಹೋಯ್ತು ನೋಡಿ" ಎನ್ನುತ್ತಾರೆ. ಓನರ್ ಒಂದು ಸಲ ಫೋನಿನಲ್ಲಿ ಈ ಮಾತು ಕೇಳಿ, "ಇವರನ್ನ ನಮ್ಮಲ್ಲಿಗೇ ಸೇರಿಸ್ಕೊಳ್ಳುವ" ಎಂದು ನಕ್ಕಿದ್ದರು.

ಗೋಣಿಕೊಪ್ಪಲಿನ ಆಸ್ಪತ್ರೆಯಿಂದ ಆ ಹೆಂಗಸು ಲೈನ್ ಮನೆಗೆ ಮರಳಿದ ಮೇಲೆ ಒಂದು ಸಲ ಕ್ಲಿನಿಕ್‌ನಲ್ಲಿ ನನಗೂ ಸಿಕ್ಕಿದ್ದಳು. ತೋಟದ ಕೆಲಸ ಬಿಟ್ಟು ಎಸ್ಟೇಟಿನ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿಕೊಂಡಿದ್ದಳು. ಸಿಸ್ಟರ್ ನನ್ನನ್ನು ಹೇಗೆ ಪರಿಚಯಿಸುತ್ತಾರೋ ಎಂದು ನನಗೆ ಒಳಗೊಳಗೇ ಅಳುಕು. "ಇವರು ನಮ್ಮ ಇಂಟರ್ನೆಟ್ ಮೇಡಂ" ಎಂದರು, ಅಷ್ಟೇ. ಆಕೆ ಕೈ ಮುಗಿದಳು. ನಾನೂ ಮುಗಿದೆ, ಅವಳಿಗಿಂತ ಸ್ವಲ್ಪ ಹೆಚ್ಚು ಹೊತ್ತು.

ಈ ವರ್ಷ ಚೆಟ್ಟಳ್ಳಿಯ ಕಡೆಯ ಒಂದು ಊರಿನವರು ತಮ್ಮಲ್ಲೂ ಇಂಥದ್ದೇ ಕ್ಲಿನಿಕ್ ಶುರು ಮಾಡಿದರು. ಅಲ್ಲಿನ ಹೊಸ ನರ್ಸ್‌ಗೆ ಕೆಲಸ ಹೇಳಿಕೊಡಲು ಸಿಸ್ಟರನ್ನೇ ಕರೆದರು. ಸಿಸ್ಟರ್ ಒಪ್ಪಿಕೊಳ್ಳುವಾಗ ಒಂದು ಷರತ್ತು ಹಾಕಿದರಂತೆ: ಇಂಟರ್ನೆಟ್ ಮೇಡಂ ಕೂಡ ಪೂರ್ತಿ ದಿನ ಇರಬೇಕು ಎಂದು. ಹಾಗಾಗಿ ಹೋದ ತಿಂಗಳು ಇಬ್ಬರೂ ಒಂದೇ ಜೀಪಿನಲ್ಲಿ ಹೊರಟೆವು. ದಾರಿಯಲ್ಲಿ ಕಾಫಿ ಹೂವಿನ ವಾಸನೆ ಜೀಪಿನೊಳಗೆಲ್ಲ ತುಂಬಿತ್ತು. ಸಿಸ್ಟರ್ ಕಿಟಕಿಗೆ ತಲೆ ಒರಗಿಸಿ ಏನೋ ಗುನುಗುತ್ತಿದ್ದರು.

ಹೊಸ ಕ್ಲಿನಿಕ್‌ನಲ್ಲಿ ಎಲ್ಲ ಜೋಡಿಸಿ ಮುಗಿದಾಗ ಪರೀಕ್ಷೆಗೆ ಒಬ್ಬ ಮನುಷ್ಯ ಬೇಕಿತ್ತು. ರೋಗಿಗಳು ಇನ್ನೂ ಯಾರೂ ಬಂದಿರಲಿಲ್ಲ. ಸಿಸ್ಟರ್ ನಮ್ಮ ಜೀಪ್ ಡ್ರೈವರನ್ನು ಕರೆದು ಅಂಗಿ ಬಿಚ್ಚಿ ಮಲಗಲು ಹೇಳಿದರು. ದಿನಾ ಆನೆಗಳಿರುವ ರಸ್ತೆಯಲ್ಲಿ ಓಡಾಡುವ ಗಟ್ಟಿ ಆಳು. ಎದೆಗೆ ತಣ್ಣನೆಯ ವೈರುಗಳು ತಾಗುತ್ತಲೇ ಬೆವರತೊಡಗಿದ. ಹೊಸ ನರ್ಸ್ ಗುಂಡಿ ಒತ್ತಿದಳು. ಇಸಿಜಿ ಹೋಯಿತು. ನಾವೆಲ್ಲ ಪರದೆ ನೋಡುತ್ತಾ ನಿಂತೆವು. ಡ್ರೈವರ್ ಮಾಡಿನ ಹೆಂಚು ನೋಡುತ್ತಾ ಮಲಗಿದ್ದ.

ಮೈಸೂರಿನಿಂದ ಉತ್ತರ ಬಂತು. ಹೊಸ ನರ್ಸ್ ಅದನ್ನು ಜೋರಾಗಿ ಓದಿದಳು: ಎಲ್ಲ ಸರಿಯಿದೆ, ಚಿಕಿತ್ಸೆ ಬೇಕಿಲ್ಲ.

"ಹಾಗಾದ್ರೆ ಎದ್ದೇಳಬಹುದಾ ಸಿಸ್ಟರ್?" ಎಂದು ಡ್ರೈವರ್ ಕೇಳಿದ.

"ಎದ್ದೇಳಿ. ಅಂಗಿ ಹಾಕ್ಕೊಳ್ಳಿ. ಬೀಡಿ ಬಿಡಿ" ಎಂದರು ಸಿಸ್ಟರ್. ಹೊರಗೆ ಬಾಗಿಲಲ್ಲಿ ಆಗಲೇ ಊರಿನ ಮೂವರು ಬಂದು, ಇಲ್ಲಿ ಎದೆ ನೋಡ್ತಾರಂತೆ ಹೌದಾ ಎಂದು ವಿಚಾರಿಸುತ್ತಾ ನಿಂತಿದ್ದರು. ಸಿಸ್ಟರ್ ಹೊಸ ನರ್ಸ್‌ಗೆ ಕುರ್ಚಿ ಬಿಟ್ಟುಕೊಟ್ಟು, ಅವರನ್ನು ಒಳಗೆ ಕರೆಯಲು ಹೋದರು.